‘ಕಡ್ಡಾಯವಲ್ಲ’ ಅಂದರೆ ‘ಬೇಡ’ ಅಂತಲೇ? ಲಸಿಕೆಯ ಮಾತಿಗೆ ಪದ ಬೇಕಾಗಿದೆ

ನಮಸ್ಕಾರ ಎಲ್ಲರಿಗೂ,

ಹಾಸನದಲ್ಲಿ ನಾವು ನಾಲ್ಕೈದು ಜನ ಸೇರಿ ಬಾಣಂತಿಯರಿಗಾಗಿ ಮಕ್ಕಳ ಲಸಿಕೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇವೆ. ಅದರಲ್ಲಿ ಫ್ರಾನ್ಸಿನ ಒಂದು ಸಂಗತಿ ಬರುತ್ತದೆ. ಅಲ್ಲೇ ನನ್ನ ಕನ್ನಡ ತಡವರಿಸಿ ನಿಂತಿದೆ.

ಸಂಗತಿ ಇಷ್ಟು. ಅಲ್ಲಿ ಟಿಬಿ ತಡೆಯುವ ಬಿಸಿಜಿ ಲಸಿಕೆ 1950ರಿಂದ ಕಡ್ಡಾಯವಾಗಿತ್ತು. ಹಾಕಿಸದಿದ್ದರೆ ಮಗುವನ್ನು ಶಿಶುವಿಹಾರಕ್ಕೋ ಶಾಲೆಗೋ ಸೇರಿಸುವ ಹಾಗಿರಲಿಲ್ಲ. ಟಿಬಿ ಕಡಿಮೆಯಾಗುತ್ತಾ ಬಂತು, 2007ರ ಜುಲೈನಲ್ಲಿ ಆ ನಿಯಮ ನಿಲ್ಲಿಸಿದರು. ನಿಲ್ಲಿಸಿದ್ದು ನಿಯಮವನ್ನು, ಲಸಿಕೆಯನ್ನಲ್ಲ. ಅಪಾಯ ಜಾಸ್ತಿ ಇರುವ ಮಕ್ಕಳಿಗೆ ತಪ್ಪದೆ ಹಾಕಿಸಿ ಅಂದರು. ಟಿಬಿ ಹೆಚ್ಚಿರುವ ದೇಶಗಳಿಂದ ಬಂದ ಮನೆಯ ಮಕ್ಕಳು, ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿದ್ದ ಮಕ್ಕಳು, ಪ್ಯಾರಿಸ್ ಸುತ್ತಲಿನ ಪ್ರಾಂತ್ಯದ ಎಲ್ಲ ಮಕ್ಕಳೂ ಆ ಲೆಕ್ಕಕ್ಕೆ ಸೇರಿದ್ದರು. ಆದರೂ ಹಾಕಿಸುವವರು ಕಡಿಮೆಯಾದರು. ಯಾರಿಗೆ ಬೇಕಿತ್ತೋ ಅವರಲ್ಲೇ ಎಷ್ಟೋ ಮಕ್ಕಳು ತಪ್ಪಿಹೋದರು. (ಹಿಂದಿನ ವರ್ಷವೇ, ಸುಲಭವಾಗಿ ತೋಳಿಗೆ ಒತ್ತುವ ಹಲವು ಮೊನೆಗಳ ಸಾಧನವೂ ಮಾರುಕಟ್ಟೆಯಿಂದ ಹೋಗಿತ್ತು. ಉಳಿದದ್ದು ಚರ್ಮದ ಒಳಪದರಕ್ಕೆ ಕೊಡುವ ಸೂಜಿ. ಅದಕ್ಕೆ ಕೈ ಪಳಗಿರಬೇಕು.)

ಇದನ್ನು ನಾನು ಮೊದಲು ಹೀಗೆ ಬರೆದಿದ್ದೆ: ‘ಬಿಸಿಜಿ ಲಸಿಕೆಯ ಕಡ್ಡಾಯವನ್ನು ಅಮಾನತು ಮಾಡಲಾಯಿತು.’ ಫ್ರೆಂಚರ ಆದೇಶದಲ್ಲಿರುವುದೂ ರದ್ದು ಅಲ್ಲ, ಅಮಾನತೇ. ಆಲೂರಿನಲ್ಲಿರುವ ನಮ್ಮ ಅತ್ತಿಗೆಗೆ ಓದಿ ಹೇಳಿದೆ. ಅವರ ತೊಡೆಯ ಮೇಲೆ ಎರಡು ತಿಂಗಳ ಮಗು ಮಲಗಿತ್ತು. ‘ಅಯ್ಯೋ, ಅಮಾನತು ಮಾಡೋ ಅಂಥ ತಪ್ಪು ಏನಿತ್ತಂತೆ ಅದರಲ್ಲಿ? ನಾವು ಹಾಕ್ಸಿಬಿಟ್ವಲ್ಲ!’ ಅಂದವರೇ ಮಗುವಿನ ಎಡತೋಳಿನ ಅಂಗಿ ಸರಿಸಿ ನೋಡಿದರು. ಬಿಸಿಜಿ ಹಾಕಿದ ಜಾಗದಲ್ಲಿ ಸಣ್ಣ ಗುಳ್ಳೆ ಎದ್ದು, ತುದಿಯಲ್ಲಿ ಕೀವು ಕಟ್ಟಿತ್ತು. ಅದು ಹಾಗೇ ಆಗಬೇಕಾದದ್ದು, ತಾನೇ ಒಣಗಿ ಕಲೆ ಉಳಿಯುತ್ತದೆ. ಆದರೆ ನನ್ನ ಒಂದು ಪದ ಅವರನ್ನು ಹೆದರಿಸಿಬಿಟ್ಟಿತ್ತು. ಅವತ್ತಿನಿಂದ ಇದು ನನಗೆ ಬರೀ ಪದದ ಪ್ರಶ್ನೆ ಅಲ್ಲ.

ಅಮಾನತು ಬಿಟ್ಟು ‘ಈಗ ಕಡ್ಡಾಯವಲ್ಲ’ ಎಂದು ಬರೆದೆ. ‘ಹಾಗಾದ್ರೆ ಬೇಡ ಅಂತಾನಾ?’ ಅಂದರು. ‘ಐಚ್ಛಿಕ’ ಅಂದರೆ ಕಾಲೇಜಿನ ಐಚ್ಛಿಕ ಕನ್ನಡದ ಹಾಗೆ, ತಗೊಂಡರೂ ಸರಿ ಬಿಟ್ಟರೂ ಸರಿ. ‘ಶಿಫಾರಸು’ ಸರ್ಕಾರಿ ಪತ್ರಗಳಲ್ಲಿ ಸರಿ, ಊರ ಕಡೆ ಅದು ಕೆಲಸ ಮಾಡಿಸಿಕೊಳ್ಳಲು ದೊಡ್ಡವರಿಂದ ಹೇಳಿಸುವ ಮಾತು. ‘ಸಲಹೆ’ ತೀರಾ ಮೆತ್ತಗಾಯಿತು.

ನನಗೆ ಅನ್ನಿಸುವುದು, ತೊಡಕಿರುವುದು ನಮ್ಮ ‘ಬೇಕು’ವಿನಲ್ಲಿ. ‘ಹಾಕಿಸಬೇಕು’ ಎಂಬುದನ್ನು ಅಲ್ಲಗಳೆದು ‘ಹಾಕಿಸಬೇಕಾಗಿಲ್ಲ’ ಅಂದ ಕೂಡಲೇ ಕೇಳುವವರ ಕಿವಿಗೆ ‘ಅಗತ್ಯವಿಲ್ಲ’ ಎಂದೇ ಬೀಳುತ್ತದೆ. ‘ಹಾಕಿಸಲೇಬೇಕು ಅಂತೇನಿಲ್ಲ’ ಅಂದರೆ ಬೇರೆ. ಆ ಒಂದು ‘ಲೇ’ ಒತ್ತಾಯವನ್ನಷ್ಟೇ ತೆಗೆಯುತ್ತದೆ, ಅಗತ್ಯವನ್ನು ಉಳಿಸುತ್ತದೆ. ಈಗ ನನ್ನ ಸಾಲು ಹೀಗಿದೆ: ‘ಹಾಕಿಸಲೇಬೇಕು ಎಂಬ ಕಾನೂನು ಈಗ ಅಲ್ಲಿಲ್ಲ, ಅಪಾಯವಿರುವ ಮಕ್ಕಳಿಗೆ ಮಾತ್ರ ಹಾಕಿಸಲೇಬೇಕು ಎಂದು ವೈದ್ಯರು ಹೇಳುತ್ತಾರೆ.’ ಇದರಲ್ಲಿ ‘ಮಾತ್ರ’ ಎರಡು ಅರ್ಥ ಕೊಡುತ್ತಿದೆ ಅಲ್ವಾ? ‘ಅವರಿಗಂತೂ’ ಎಂದರೆ ಸರಿಹೋದೀತೇ? ಇದರ ಪಕ್ಕದಲ್ಲೇ, ನಮ್ಮಲ್ಲಿ ಟಿಬಿ ಇನ್ನೂ ಜಾಸ್ತಿ ಇರುವುದರಿಂದ ಹುಟ್ಟಿದ ಕೂಡಲೇ ಎಲ್ಲ ಮಕ್ಕಳಿಗೂ ಬಿಸಿಜಿ ಹಾಕುತ್ತಾರೆ, ಎಳೆಯ ಮಕ್ಕಳಿಗೆ ಮಿದುಳಿನ ಪೊರೆಗೆ ತಗಲುವ ಟಿಬಿಯಿಂದ ಅದು ಕಾಪಾಡುತ್ತದೆ ಎಂದೂ ಬರೆದಿದ್ದೇನೆ.

ಇನ್ನೊಂದು ಪದ: ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಹಾಕಿಸಿದರು ಎಂಬುದಕ್ಕೆ ಇಲಾಖೆಯವರು ‘ಲಸಿಕಾ ವ್ಯಾಪ್ತಿ’ ಅನ್ನುತ್ತಾರೆ. ವ್ಯಾಪ್ತಿ ಅಂದರೆ ನಮ್ಮ ಜನಕ್ಕೆ ಪೊಲೀಸ್ ಠಾಣೆಯ ಸರಹದ್ದು ನೆನಪಾಗುತ್ತದೆ. ‘ಹಾಕಿಸಿದವರ ಪ್ರಮಾಣ’ ಸಾಕೇ?

ನಮ್ಮಜ್ಜಿ ಲಸಿಕೆಗೆ ‘ದಾಕು ಹಾಕ್ಸೋದು’ ಅನ್ನುತ್ತಿದ್ದರು. ಮೂಡಿಗೆರೆ, ಕೊಪ್ಪದ ಕಡೆಯವರು ಯಾರಾದರೂ ಇದ್ದರೆ ಹೇಳಿ: ನಿಮ್ಮ ಮನೆಗಳಲ್ಲಿ ಆ ಮಾತು ಇನ್ನೂ ಉಳಿದಿದೆಯೇ? ಸಿಡುಬಿಗೆ ಮಾತ್ರವೇ, ಎಲ್ಲ ಚುಚ್ಚುಮದ್ದಿಗೂ ಹೇಳುತ್ತಾರೆಯೇ? ಈ ತಿಂಗಳ ಕೊನೆಗೆ ಅಚ್ಚಿಗೆ ಕೊಡಬೇಕು, ಅಷ್ಟರೊಳಗೆ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.