ಪದಚರ್ಚೆ: ‘ಬ್ಯಾಕ್‌ಲಾಗ್’ ಅಂದರೆ ‘ಬಾಕಿ’ಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ. ನಾನಿರುವುದು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ತಂಡದಲ್ಲಿ. ಮೆಣಸಿನಕಾಯಿ ಮಾರಲು ಬಂದ ರೈತರು ತಮ್ಮ ಲಾಟಿಗೆ ಎಷ್ಟು ದರ ಬಂತೆಂದು ಮೊಬೈಲಿನಲ್ಲೇ ನೋಡುವ ಆ್ಯಪ್ ನಮ್ಮದು. ಅರ್ಧ ಮಂದಿ ಕೋಡ್ ಬರೆಯುವವರು, ಇನ್ನರ್ಧ ಬ್ಯಾಡಗಿ, ಹಾವೇರಿ ಕಡೆ ಓಡಾಡುವ ಹುಡುಗರು. ಇನ್ನು ಮುಂದೆ ಅಜೈಲ್ ಪದ್ಧತಿಯಲ್ಲಿ, ಅಂದರೆ ಸಣ್ಣ ಸಣ್ಣ ತುಂಡು ಮಾಡಿ ಆಗಾಗ ತಿದ್ದಿಕೊಳ್ಳುತ್ತ, ಕೆಲಸ ಮಾಡೋಣ ಎಂದು ಎಲ್ಲರೂ ಸೇರಿ ಠರಾಯಿಸಿದೆವು. ಅಜೈಲ್‌ನಲ್ಲೇ ಒಂದು ಬಗೆ ಸ್ಕ್ರಮ್; ಅದರ ನಿಯಮಗಳ ಪುಸ್ತಿಕೆಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿ ತಂಡದಲ್ಲಿ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನ ಇರಲಿ ಅನ್ನುತ್ತದೆ. ಲೆಕ್ಕದ ಕಾಕಾ ಅವರನ್ನು ಬಿಟ್ಟರೆ ನಾವು ಒಂಬತ್ತು. ಅಲ್ಲಿಗೆ ಅದೊಂದು ಸರಿಹೋಯಿತು. ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ಗೋಡೆಯ ಬೋರ್ಡಿನಲ್ಲಿ ಮೂರು ಸಾಲು ಮಾಡಿ, ಬ್ಯಾಕ್‌ಲಾಗ್ ಎಂಬ ಕೆಲಸದ ಪಟ್ಟಿಗೆ ‘ಬಾಕಿ’, ಉಳಿದೆರಡಕ್ಕೆ ‘ನಡದೈತಿ’, ‘ಮುಗೀತು’ ಎಂದು ಬರೆದೆ. ಹಳದಿ ಚೀಟಿಗಳನ್ನು ಅಂಟಿಸಿದೆ. ಮೊದಲ ಸಾಲಿನಲ್ಲಿ 43 ಚೀಟಿಗಳಿದ್ದವು. ಮರುದಿನ ಕಾಕಾ ಬಂದು ಕನ್ನಡಕ ಏರಿಸಿ ನೋಡಿದರು. ಅವರು ದಲಾಲಿ ಅಂಗಡಿಯಲ್ಲಿ ಖಾತೆ-ಕೀರ್ದಿ ಬರೆದು ಬಂದವರು. “ಏನ್ರಿ, ನಲವತ್ಮೂರು ಬಾಕಿ? ಯಾರ್ ಕಡಿಯಿಂದ ಬರಬೇಕ್ರಿ ಇದು?” ಎಂದು ಕೇಳಿದರು. ಎಲ್ಲರೂ ನಕ್ಕೆವು. ಸಂಜೆ ನಮ್ಮ ಹಿರಿಯರೂ ಅದೇ ಬೋರ್ಡು ನೋಡಿ, ಇಷ್ಟು ಬಾಕಿ ಇಟ್ಟುಕೊಂಡು ರವಿವಾರ ಸೂಟಿ ಹೇಗೆ ತಗೊಳ್ತೀರಿ ಎಂದಾಗ ನಗು ನಿಂತಿತು.

ತಪ್ಪು ಅವರದಲ್ಲ, ನನ್ನ ಪದದ್ದು. ಅಜೈಲ್ ಹೇಳುವ ಬ್ಯಾಕ್‌ಲಾಗ್‌ನಲ್ಲಿ ತಡವಾದ ಕೆಲಸ ಎಂಬ ಅರ್ಥವೇ ಇಲ್ಲ. ಮಾಡುವ ವಸ್ತುವಿಗೆ ಏನೇನು ಬೇಕಾಗಬಹುದೋ ಅದೆಲ್ಲದರ ಪಟ್ಟಿ ಅದು, ಅನುಕ್ರಮ ಹಚ್ಚಿಟ್ಟದ್ದು. ಮೇಲಿನವು ಸ್ಪಷ್ಟವಾಗಿರುತ್ತವೆ, ಕೆಳಗಿನವು ಮಸುಕಾಗಿರುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೊನೆಯ ಮಾತು ಹೇಳುವವರು ಒಬ್ಬರೇ, ಪ್ರಾಡಕ್ಟ್ ಓನರ್. ಬೇಡವಾದ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಬಾಕಿ ಹಾಗಲ್ಲ, ಅದು ವಸೂಲಾಗಬೇಕು, ಇಲ್ಲಾ ಮನ್ನಾ ಆಗಬೇಕು. ಅದರ ಜೊತೆಗೆ ಒಬ್ಬ ತಪ್ಪಿತಸ್ಥ ಇದ್ದೇ ಇರುತ್ತಾನೆ.

ಹಾಗಾದರೆ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡರೆ? ಅದೂ ನಮ್ಮಲ್ಲಿ ಮೈಲಿಗೆಯಾಗಿದೆ. ಇಂಜಿನಿಯರಿಂಗ್ ಹುಡುಗರಿಗೆ ಬ್ಯಾಕ್‌ಲಾಗ್ ಎಂದರೆ ಫೇಲಾದ ವಿಷಯ. ಪೇಪರ್ ಓದುವವರಿಗೆ ‘ಬ್ಯಾಕ್‌ಲಾಗ್ ಹುದ್ದೆ’ ಎಂದರೆ ವರ್ಷಗಟ್ಟಲೆ ತುಂಬದೆ ಉಳಿದ ಮೀಸಲು ಹುದ್ದೆ. ಎರಡರಲ್ಲೂ ಯಾರೋ ಮಾಡಬೇಕಾದ್ದನ್ನು ಮಾಡಿಲ್ಲ. ತಮಾಷೆ ಎಂದರೆ ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ಒಲೆಗೆ ಸೇರಿದ್ದು: ಬೆಂಕಿ ಆರದಂತೆ ಒಲೆಯ ಹಿಂಬದಿಗೆ ಇಡುವ ದೊಡ್ಡ ಕೊರಡು. ಅರಬ್ಬಿಯಿಂದ ಬಂದ ನಮ್ಮ ‘ಬಾಕಿ’ಗೂ ಮೂಲದಲ್ಲಿ ‘ಉಳಿದದ್ದು’ ಎಂದಷ್ಟೇ ಅರ್ಥ. ‘ಜಾತ್ರಿಗೆ ಎರಡು ದಿನ ಬಾಕಿ’ ಅನ್ನುವಾಗ ಈಗಲೂ ಸಾಲದ ವಾಸನೆ ಇಲ್ಲ. ದಿನಕ್ಕೆ ಹಚ್ಚಿದರೆ ಚೊಕ್ಕ, ಕೆಲಸಕ್ಕೆ ಹಚ್ಚಿದ ಕೂಡಲೇ ಉದ್ರಿ ಲೆಕ್ಕ.

ನನಗೆ ಈಗ ಮನಸ್ಸಿಗೆ ಬಂದಿರುವುದು ‘ಯಾದಿ’. ನಮ್ಮ ಕಡೆ ಮದುವೆಗೂ ಯಾದಿ, ಸಂತೆಗೂ ಯಾದಿ. ಮದುವೆಯ ಯಾದಿ ಇಲ್ಲಿ ಹೊಂದುವುದಿಲ್ಲ, ಹಿರಿಯರ ಮುಂದೆ ಒಮ್ಮೆ ಬರೆದ ಮೇಲೆ ತಿದ್ದಿದರೆ ಜಗಳ. ಸಂತೆಯ ಯಾದಿ ಮಾತ್ರ ಹಾಳತವಾಗಿ ಕೂಡುತ್ತದೆ. ನಮ್ಮ ಅವ್ವ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ತಿಂಗಳೆಲ್ಲ ಬರೆಯುತ್ತಿದ್ದಳು: ಬೆಲ್ಲ, ಶೇಂಗಾ ಎಣ್ಣೆ, ಲಾಟೀನಿನ ಬತ್ತಿ, ಸಾಧ್ಯವಾದರೆ ಒಂದು ಜಮಖಾನ. ಸಂತೆಯ ದಿನ ಮುಂಜಾನೆ ಅದರಲ್ಲಿ ಐದಾರು ಆರಿಸಿ ಬೇರೆ ಚೀಟಿ ಬರೆದು ಅಪ್ಪನ ಕೈಗೆ ಕೊಡುತ್ತಿದ್ದಳು. ಜಮಖಾನ ಎರಡು ವರ್ಷ ಕ್ಯಾಲೆಂಡರಿನ ಹಿಂದೆಯೇ ಇತ್ತು. ಅದನ್ನು ಯಾರೂ ಬಾಕಿ ಅನ್ನಲಿಲ್ಲ. ಕ್ಯಾಲೆಂಡರಿನದು ಪ್ರಾಡಕ್ಟ್ ಬ್ಯಾಕ್‌ಲಾಗ್, ಅಪ್ಪನ ಜೇಬಿನ ಚೀಟಿ ಸ್ಪ್ರಿಂಟ್ ಬ್ಯಾಕ್‌ಲಾಗ್, ಅಂದರೆ ಸ್ಪ್ರಿಂಟ್ ಎಂಬ ಒಂದು ಗೊತ್ತಾದ ಅವಧಿಗೆ ಆರಿಸಿಕೊಂಡ ಕೆಲಸ. ಹಾಗಾಗಿ ‘ದೊಡ್ಡ ಯಾದಿ’, ‘ಈ ಸಲದ ಚೀಟಿ’ ಎಂದು ಬರೆಯೋಣವೇ?

ತಂಡದ ಒಬ್ಬಳು ‘ಪಾಳಿ’ ಅಂದಳು. ಗಿರಣಿಯ ಮುಂದೆ ಡಬ್ಬಿಗಳು ಪಾಳಿಗೆ ಇರುತ್ತವಲ್ಲ, ಹಾಗೆ. ಚಂದ ಇದೆ. ಆದರೆ ಪಾಳಿಯಲ್ಲಿ ಮೊದಲು ಬಂದವರಿಗೆ ಮೊದಲು. ಇಲ್ಲಿ ಬೆಲೆಯುಳ್ಳದ್ದು ಮೊದಲು. ಅಲ್ಲದೆ ಬೆಂಗಳೂರಿನ ಕಡೆಯವರು ಅದನ್ನು ‘ರಾತ್ರಿ ಪಾಳಿ’ಯ ಶಿಫ್ಟ್ ಎಂದೇ ಓದುತ್ತಾರೆ.

ಯಾದಿಗೆ ಜೊತೆಯಾಗಿ ಇನ್ನೊಂದು ಪದ ತಾನಾಗಿ ಒದಗಿತು. ಪಟ್ಟಿಯನ್ನು ಆಗಾಗ ತಿದ್ದುವ, ದೊಡ್ಡದನ್ನು ಒಡೆದು ಸಣ್ಣದು ಮಾಡುವ ಕೆಲಸಕ್ಕೆ ಮೊದಲು ಗ್ರೂಮಿಂಗ್ ಎನ್ನುತ್ತಿದ್ದರು. ಆ ಪದಕ್ಕೆ ಇಂಗ್ಲಿಷಿನಲ್ಲಿ ಕೆಟ್ಟ ಅರ್ಥವೊಂದು ಇರುವುದರಿಂದ 2013ರ ಸ್ಕ್ರಮ್ ಗೈಡ್‌ನಲ್ಲಿ ಅದರ ಜಾಗಕ್ಕೆ ರಿಫೈನ್‌ಮೆಂಟ್ ಬಂತು. ನಮ್ಮಲ್ಲಿ ಅದಕ್ಕೆ ಹುಡುಕಬೇಕಾಗಿಯೇ ಇಲ್ಲ: ‘ಹಸನು ಮಾಡುವುದು’. ಜೋಳ ಹಸನು ಮಾಡಿದ ಹಾಗೆ ಯಾದಿ ಹಸನು ಮಾಡುವುದು. ಇದನ್ನು ಯಾರು ಬೇಡವೆಂದರೂ ನಾನು ಬಿಡುವವನಲ್ಲ.

ಸ್ಪ್ರಿಂಟ್‌ಗೆ ‘ಓಟ’ ಎಂದು ಬರೆದು ಹೊಡೆದುಹಾಕಿದ್ದೇನೆ. ಮುಖ್ಯವಾದದ್ದು ಓಡುವುದಲ್ಲ, ಅವಧಿ ಬದಲಾಗದೇ ಇರುವುದು. ಒಂದು ತಿಂಗಳು ಮೀರಬಾರದು. ಬಹಳ ತಂಡಗಳು ಎರಡು ವಾರ ಇಟ್ಟುಕೊಳ್ಳುತ್ತವೆ. ಕೆಲಸ ಉಳಿದರೂ ಅವಧಿ ಬೆಳೆಯುವುದಿಲ್ಲ. ಇದನ್ನು ವಿವರಿಸುವಾಗ ಗದಗಿನ ಕಡೆಯ ಹುಡುಗ, “ಅಂದ್ರ ಒಂದ್ ಮಳಿ ಇದ್ದಂಗ ಅನ್ರಿ” ಅಂದ. ವರ್ಷಕ್ಕೆ ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ರೋಹಿಣಿ ಮುಗಿದರೆ ಮಿರಗ, ಮಿರಗ ಮುಗಿದರೆ ಆರಿದ್ರಾ. ಹನಿ ಬೀಳಲಿ ಬಿಡಲಿ, ನಿಮ್ಮ ಬಿತ್ತಿಗೆ ಆಗಲಿ ಬಿಡಲಿ, ನಕ್ಷತ್ರ ತನ್ನ ದಿನಕ್ಕೆ ದಾಟುತ್ತದೆ. ನಾನು ಒಂದು ತಾಸು ಹೇಳಿದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ಕೈಪಿಡಿಯಲ್ಲಿ ‘ಸುತ್ತು’ ಎಂದಿಟ್ಟಿದ್ದೇನೆ. ಆಫೀಸಿನಲ್ಲಿ ಎಲ್ಲರೂ ‘ಈ ಮಳಿ’, ‘ಮುಂದಿನ ಮಳಿ’ ಎಂದೇ ಅನ್ನುತ್ತಿದ್ದಾರೆ.

ಉಳಿದವು ಅಷ್ಟು ಕಾಡಿಲ್ಲ. ದಿನದ ಹದಿನೈದು ನಿಮಿಷದ ಮಾತುಕತೆ ‘ನಿಂತ ಸಭೆ’. ಸುತ್ತು ಮುಗಿದಾಗ ಕೆಲಸ ಹೇಗೆ ನಡೆಯಿತೆಂದು ಕೂತು ನೋಡುವ ರೆಟ್ರೊಸ್ಪೆಕ್ಟಿವ್‌ಗೆ ‘ಹಿನ್ನೋಟ’; ‘ಸಿಂಹಾವಲೋಕನ’ ಒಂಬತ್ತು ಮಂದಿಗೆ ಭಾರವಾಯಿತು. ಬಳಸುವವರಿಗೆ ಏನು ಬೇಕೆಂದು ಅವರ ಕಡೆಯಿಂದ ಬರೆಯುವ ಯೂಸರ್ ಸ್ಟೋರಿಗೆ ‘ಬಳಕೆದಾರರ ಕಥೆ’ ಸಾಧ್ಯವೇ ಇಲ್ಲ, ನಮ್ಮಲ್ಲಿ ‘ಕಥಿ ಹೇಳಬ್ಯಾಡ’ ಎಂದರೆ ನೆವ ಹೇಳಬೇಡ ಎಂದು. ಅಜೈಲ್‌ಗೆ ‘ಚುರುಕು’ ಎಂದರೆ ಯಜಮಾನರಿಗೆ ಬರೀ ವೇಗ ಕೇಳಿಸುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ ಸಾಫ್ಟ್‌ವೇರ್‌ನ ಹದಿನೇಳು ಮಂದಿ ಕೂಡಿ ಆ ಹೆಸರು ಆರಿಸುವ ಮೊದಲು ಇವನ್ನು ಹಗುರ ಪದ್ಧತಿಗಳು ಎನ್ನುತ್ತಿದ್ದರು. ಅದನ್ನೇ ಉಳಿಸಿಕೊಂಡಿದ್ದರೆ ಧಾರವಾಡದಲ್ಲಿ ಇನ್ನೊಂದು ಫಜೀತಿ: ಇಲ್ಲಿ ‘ಹಗೂರಕ’ ಎಂದರೆ ನಿಧಾನಕ್ಕೆ! ಸದ್ಯ ‘ಅಜೈಲ್’ ಎಂದೇ ಬಿಟ್ಟಿದ್ದೇನೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಮೈಸೂರು, ಶಿವಮೊಗ್ಗ, ಮಂಗಳೂರಿನವರಿಗೆ ‘ಯಾದಿ’ ವಿವರಣೆ ಇಲ್ಲದೆ ತಿಳಿಯುತ್ತದೆಯೇ? ತಿಳಿಯದಿದ್ದರೆ, ತಡ ಎಂಬ ಅರ್ಥ ಇಲ್ಲದೆ ‘ಮುಂದೆ ಮಾಡಬಹುದಾದ ಕೆಲಸ’ ಎನ್ನಲು ನಿಮ್ಮ ಕಡೆ ಯಾವ ಮಾತಿದೆ? ಬೆಟಗೇರಿ ಕಡೆ ನೇಕಾರರ ಮನೆಯವರು ಯಾರಾದರೂ ಇದ್ದರೆ, ಮಗ್ಗಕ್ಕೆ ಏರಿಸುವ ಮುಂಚೆ ಕಾದಿರುವ ಕೆಲಸಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ತಿಳಿಸಿ.

ಬೋರ್ಡಿನ ಮೊದಲ ಸಾಲಿನ ತಲೆಬರಹ ಅಳಿಸಿ ಖಾಲಿ ಬಿಟ್ಟಿದ್ದೇವೆ. ನಿನ್ನೆ ಅಲ್ಲಿ ಯಾರೋ ಪೆನ್ಸಿಲ್‌ನಲ್ಲಿ ‘ಜಮಾ’ ಎಂದು ಬರೆದಿದ್ದಾರೆ. ಅಕ್ಷರ ನೋಡಿದರೆ ಕಾಕಾ ಅವರದೇ.