ಪುಣೆಯಲ್ಲಿದ್ದೇನೆ, ಪ್ರಾಕ್ಟಿಕಲ್ ಶೂಟಿಂಗ್‌ಗೆ ಯಾವ ಗನ್ ತಗೊಳ್ಳಲಿ?

ಬಾಣೇರ್_ಧಾರವಾಡ:

ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಕೆಲಸ ಹಿಂಜವಡಿ, ಮನೆ ಬಾಣೇರ್. ಬಾಲೇವಾಡಿ ಸ್ಟೇಡಿಯಂ ನಮ್ಮ ಮನೆಗೆ ಹತ್ತಿರ. ಅಲ್ಲಿ ಶೂಟಿಂಗ್ ರೇಂಜ್ ಇದೆ ಅಂತ ಗೊತ್ತಿತ್ತು, ಒಳಗೆ ಹೋಗಿ ನೋಡಿದ್ದು ಮಾತ್ರ ಮೊನ್ನೆ.

ನನಗೆ ಹುಚ್ಚು ಹಿಡಿಸಿದ್ದು ಐಪಿಎಸ್‌ಸಿ, ಅಂದರೆ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳ ವಿಡಿಯೊಗಳು. ಬೀಪ್ ಬಂದ ಕೂಡಲೇ ಸೊಂಟದ ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆದು, ಓಡುತ್ತಾ, ಗೋಡೆ ಮರೆಯಿಂದ ಇಣುಕಿ ಹೊಡೆಯುತ್ತಾರಲ್ಲ, ಅದು. ನನಗೂ ಅದನ್ನೇ ಮಾಡಬೇಕು. ಎರಡು ಲಕ್ಷದವರೆಗೆ ಖರ್ಚು ಮಾಡಬಲ್ಲೆ. ಯಾವ ಪಿಸ್ತೂಲು ತಗೊಳ್ಳಲಿ? ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರಿಸುವ ಸೈಟ್) ಹಾಕಿಸಬೇಕಾ? ಟ್ರಿಗರ್ ಹಗುರ ಮಾಡಿಸಿದರೆ ಒಳ್ಳೇದು ಅಂತ ಒಬ್ಬರು ಹೇಳಿದರು, ನಿಜವಾ? ಲೈಸೆನ್ಸ್ ವಿಷಯವೂ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಡೊಂಬಿವಲಿ_ಕಾಕಾ:

ಮೊದಲು ಕಾನೂನಿನ ಮಾತು ಮುಗಿಸೋಣ, ಆಮೇಲೆ ಗನ್ನಿನ ಮಾತು.

ನೀವು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು 9 ಎಂಎಂ. ನಮ್ಮಲ್ಲಿ ಅದು ನಿಷೇಧಿತ ಬೋರ್ (ನಳಿಗೆಯ ಅಳತೆ), ನಮ್ಮ ನಿಮ್ಮಂಥ ಸಾಮಾನ್ಯರಿಗೆ ಸಿಗುವ ವಸ್ತು ಅಲ್ಲ. ಹಾಗಾಗಿ "ಯಾವ ಪಿಸ್ತೂಲು" ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಬೇರೆ. 4.5 ಎಂಎಂ ಏರ್ ಪಿಸ್ತೂಲಿಗೆ, ಅದರ ಶಕ್ತಿ 20 ಜೂಲ್ ಒಳಗಿದ್ದರೆ, ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲುಗಳೆಲ್ಲ ಅದಕ್ಕಿಂತ ಎಷ್ಟೋ ಕೆಳಗೇ ಇರುತ್ತವೆ. ಅದರ ಮುಂದಿನ ಮೆಟ್ಟಿಲು .22, ಆಮೇಲೆ ಸೆಂಟರ್ ಫೈರ್‌ಗೆ (ತಳದ ನಡುವೆ ಪೆಟ್ಟು ಬಿದ್ದು ಸಿಡಿಯುವ ಗುಂಡು) .32. ಅವೆರಡಕ್ಕೂ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಬೇಕು. ಅರ್ಜಿ ಹಾಕುವುದು ಮನೆ ವಿಳಾಸದ ಮೇಲೆ. ಬಾಣೇರ್ ಪುಣೆ ಪೊಲೀಸ್ ಕಮಿಷನರ್ ವ್ಯಾಪ್ತಿಗೆ ಬರುತ್ತದೆ, ಹಿಂಜವಡಿ ಪಿಂಪ್ರಿ ಚಿಂಚ್‌ವಡ್ ಕಡೆಗೆ. ಆಫೀಸ್ ಹತ್ತಿರ ಅಂತ ಅಲ್ಲಿಗೆ ಹೋಗಿ ಸುಮ್ನೆ ಅಲೆಯಬೇಡಿ.

ಆದರೆ ಇವತ್ತೇ ಏನನ್ನೂ ಕೊಳ್ಳಬೇಡಿ. ಕ್ಲಬ್ಬಿಗೆ ಸೇರಿ. ಕ್ಲಬ್ಬಿನ ಗನ್ನಿನಲ್ಲೇ ಕೆಲವು ತಿಂಗಳು ಹೊಡೆಯಿರಿ. ಸ್ಟೈಯರ್, ವಾಲ್ಟರ್, ಮೊರಿನಿ, ಪಾರ್ದಿನಿ, ಫೈನ್‌ವರ್ಕ್‌ಬಾವ್, ಎಲ್ಲಾ ಕಂಪನಿಗಳ ಪಿಸ್ತೂಲನ್ನೂ ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಕೈಗೆ ಯಾವುದು ಕೂರುತ್ತದೆ ಅನ್ನುವುದನ್ನು ಯಾವ ರಿವ್ಯೂ ಕೂಡ ಹೇಳುವುದಿಲ್ಲ. ವರ್ಳಿಯ ರೇಂಜಿನಲ್ಲಿ ನಾನು ನೋಡಿದ ಎಷ್ಟೋ ಮಕ್ಕಳು ಅಪ್ಪ ಕೊಡಿಸಿದ ಹೊಸ ಪಿಸ್ತೂಲು ಬದಿಗಿಟ್ಟು ಕ್ಲಬ್ಬಿನ ಹಳೆಯದನ್ನೇ ಕೇಳುತ್ತಾರೆ, ಹೊಸದರ ಗ್ರಿಪ್ ಅವರ ಕೈಗೆ ದೊಡ್ಡದು, ಅಷ್ಟೇ ಕಾರಣ.

ವೇಗ ಬೇಕು ಅಂದಿರಿ ಅಲ್ವಾ? ಅದೂ ಇಲ್ಲೇ ಇದೆ. 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲಿ ಐದು ಗುಂಡಿಗೆ ಮೊದಲು 150 ಸೆಕೆಂಡ್, ಆಮೇಲೆ 20, ಕೊನೆಗೆ 10. ರ‍್ಯಾಪಿಡ್ ಫೈರ್‌ನಲ್ಲಿ ಐದು ಬೇರೆ ಬೇರೆ ಟಾರ್ಗೆಟ್‌ಗೆ ಐದು ಗುಂಡು, 8 ಸೆಕೆಂಡಿನಿಂದ ಶುರುವಾಗಿ 6, ಕೊನೆಗೆ 4 ಸೆಕೆಂಡ್. ಕೈ 45 ಡಿಗ್ರಿ ಕೆಳಗಿರಬೇಕು, ಸಿಗ್ನಲ್ ಬಂದ ಮೇಲೇ ಎತ್ತಬೇಕು. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ನಾಲ್ಕು ಸೆಕೆಂಡಿನಲ್ಲಿ ಐದು ಟಾರ್ಗೆಟ್ ಅಂದರೆ ಏನು ಅಂತ ಒಮ್ಮೆ ರೇಂಜಿನಲ್ಲಿ ನಿಂತು ನೋಡಿ.

ಕೋಥ್ರೂಡ್_ಶೂಟರ್:

ಕಾಕಾ ಹೇಳಿದ್ದು ಸರಿ. ನಾನು ಸೆಟ್ಟಿಂಗ್ ವಿಷಯ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡೆಲ್ ಕೇಳುತ್ತಾರೆ, ಗ್ರಿಪ್ ಬಗ್ಗೆ ಕೇಳುವವರು ಕಡಿಮೆ.

ಏರ್ ಪಿಸ್ತೂಲನ್ನು ಕಣ್ಣು ಮುಚ್ಚಿ ಎತ್ತಿ. ಗುರಿಯ ಎತ್ತರಕ್ಕೆ ಬಂದ ಮೇಲೆ ಕಣ್ಣು ಬಿಡಿ. ಮುಂದಿನ ಸೈಟ್ (ನಳಿಗೆ ತುದಿಯ ಗುರಿಗೂಟ) ಹಿಂದಿನ ಸೈಟಿನ ಕಚ್ಚಿನ ಸರಿ ನಡುವೆ ಇರಬೇಕು. ಪ್ರತಿ ಸಲ ಬಲಕ್ಕೋ ಎಡಕ್ಕೋ ವಾಲಿದ್ದರೆ ಮಣಿಕಟ್ಟು ತಿರುಗಿಸಿ ಸರಿ ಮಾಡಬೇಡಿ. ಸರಿಯಾಗಬೇಕಾದದ್ದು ಗ್ರಿಪ್. ಕೆಲವು ಮಾಡೆಲ್‌ಗಳಲ್ಲಿ ಗ್ರಿಪ್ಪನ್ನೇ ತಿರುಗಿಸುವ ಸ್ಕ್ರೂ ಇರುತ್ತದೆ. ಇಲ್ಲದಿದ್ದರೆ ಮರದ ಗ್ರಿಪ್ಪಿಗೆ ಪುಟ್ಟಿ ತುಂಬಿಸಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ ಹೋಗಬೇಕು. ಅವಸರ ಮಾಡಬೇಡಿ, ಉಜ್ಜಿ ತೆಗೆದ ಮರ ವಾಪಸ್ ಬರುವುದಿಲ್ಲ.

ಇದು ಯಾಕೆ ಇಷ್ಟು ಮುಖ್ಯ ಅಂದರೆ ಲೆಕ್ಕ ಹಾಕಿ ನೋಡಿ. ಎರಡು ಸೈಟುಗಳ ನಡುವಿನ ದೂರ ಸುಮಾರು 330 ಮಿ.ಮೀ. ಅಂದುಕೊಳ್ಳಿ. ಮುಂದಿನ ಸೈಟ್ ಕಚ್ಚಿನ ನಡುವಿನಿಂದ ಒಂದೇ ಒಂದು ಮಿ.ಮೀ. ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಸುಮಾರು 30 ಮಿ.ಮೀ. ಆಚೆ ಹೋಗುತ್ತದೆ. ಏರ್ ಪಿಸ್ತೂಲ್ ಟಾರ್ಗೆಟ್‌ನ ಹತ್ತರ ವೃತ್ತ ಬರೀ 11.5 ಮಿ.ಮೀ. ಅಗಲ, ಒಂದೊಂದು ಅಂಕಕ್ಕೆ 8 ಮಿ.ಮೀ. ಅಂತರ. ಹತ್ತು ಹೋಗಿ ಏಳು ಬಂತು. ಅದೇ ಸೈಟುಗಳು ಸರಿಯಾಗಿದ್ದು ಇಡೀ ಕೈ 5 ಮಿ.ಮೀ. ಅಲ್ಲಾಡಿದರೆ ಪೆಲೆಟ್ ಕೂಡ 5 ಮಿ.ಮೀ. ಮಾತ್ರ ಸರಿಯುತ್ತದೆ, ಹತ್ತು ಹತ್ತಾಗಿಯೇ ಉಳಿಯುತ್ತದೆ. ಹೊಸಬರು ಕೈ ಅಲ್ಲಾಡುವುದಕ್ಕೆ ಹೆದರುತ್ತಾರೆ, ಅಂಕ ಹೋಗುವುದು ಮಾತ್ರ ಸೈಟಿನಿಂದ. ಅದಕ್ಕೇ ಕಣ್ಣು ಮುಂದಿನ ಸೈಟಿನ ಮೇಲೆ ಇರಬೇಕು. ಟಾರ್ಗೆಟ್‌ನ ಕಪ್ಪು ಚುಕ್ಕೆ ಮಸುಕಾಗಿ ಕಂಡರೆ ಕಾಣಲಿ ಬಿಡಿ.

ಟ್ರಿಗರ್ ಹಗುರ ಮಾಡಿಸುವ ಮಾತು ಬಿಟ್ಟುಬಿಡಿ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ ಅಂತ ನಿಯಮ. ಮ್ಯಾಚಿಗೆ ಮೊದಲು ಪರೀಕ್ಷೆ ಇರುತ್ತದೆ. ನಳಿಗೆ ಮೇಲ್ಮುಖ ಮಾಡಿ, ಟ್ರಿಗರ್‌ಗೆ ತೂಕದ ಕಲ್ಲು ನೇತು ಹಾಕಿ, ಮೇಜಿನಿಂದ ಮೆಲ್ಲಗೆ ಎತ್ತುತ್ತಾರೆ. ಟಕ್ ಅಂತ ಬಿಟ್ಟುಕೊಂಡರೆ ಆ ಗನ್ ಒಳಗೆ ಹೋಗುವ ಹಾಗಿಲ್ಲ. ಆದ್ದರಿಂದ ಸರಿಯಾಗಿ 500ಕ್ಕೆ ಇಡಬೇಡಿ, 510–520ಕ್ಕೆ ಇಡಿ. ಅದರಲ್ಲಿ ಮುಕ್ಕಾಲು ಭಾಗ ಎಳೆತದ ಮೊದಲ ಹಂತಕ್ಕೆ (ತಡೆ ಸಿಗುವವರೆಗೆ), ಉಳಿದದ್ದು ಎರಡನೇ ಹಂತಕ್ಕೆ (ಗುಂಡು ಹಾರುವವರೆಗೆ) ಹಂಚಿದರೆ ಹೊಸಬರಿಗೆ ಹಿಡಿತ ಸುಲಭ. ಟ್ರಿಗರ್ ಬ್ಲೇಡ್ ಎಷ್ಟು ಮುಂದೆ, ಎಷ್ಟು ಹಿಂದೆ ಅನ್ನುವುದು ತೂಕಕ್ಕಿಂತ ಮುಖ್ಯ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಅದರ ಮೇಲೆ ನೇರವಾಗಿ ಕೂರಬೇಕು, ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ತಾಗಬಾರದು. ತಾಗಿದರೆ ಟ್ರಿಗರ್ ಎಳೆದಾಗ ಇಡೀ ಪಿಸ್ತೂಲು ಪಕ್ಕಕ್ಕೆ ತಳ್ಳಿಕೊಳ್ಳುತ್ತದೆ.

ಸೈಟಿನ ಕ್ಲಿಕ್ಕು ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಒಂದು ಪೆಲೆಟ್ ಆಚೆ ಹೋಯಿತು ಅಂತ ತಿರುಗಿಸಬೇಡಿ. ಒಂದು ಗುಂಪು ಬೀಳಲಿ, ಗುಂಪು ಎಲ್ಲಿದೆ ನೋಡಿ ತಿರುಗಿಸಿ.

ನೆರೂಳ್_ಮರೈನ್:

ನಾನು ಹಡಗಿನ ಇಂಜಿನಿಯರ್. ರಜೆಯಲ್ಲಿ ಥಾಯ್ಲೆಂಡ್‌ಗೆ ಹೋದಾಗ ಅಲ್ಲಿನ ಕ್ಲಬ್ಬುಗಳಲ್ಲಿ ಐಪಿಎಸ್‌ಸಿ ಹತ್ತಿರದಿಂದ ನೋಡಿದ್ದೇನೆ, 2022ರ ಹ್ಯಾಂಡ್‌ಗನ್ ವರ್ಲ್ಡ್ ಶೂಟ್ ನಡೆದದ್ದೂ ಪಟ್ಟಾಯದಲ್ಲೇ. ನಿಮ್ಮ ಆಸೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಆದ್ದರಿಂದ ಆ ಆಟದ ಒಳಗು ಸ್ವಲ್ಪ ಹೇಳುತ್ತೇನೆ.

ಅಲ್ಲಿ ಗನ್ ಆಯ್ಕೆ ಅಂದರೆ ಮೊದಲು ಡಿವಿಷನ್ ಆಯ್ಕೆ. ಪ್ರೊಡಕ್ಷನ್ ಅಂದರೆ ಅಂಗಡಿಯಲ್ಲಿ ಸಿಗುವ ಹಾಗೇ ಇರುವ ಗನ್, ರೆಡ್ ಡಾಟ್ ಇಲ್ಲ, ಶುರುವಿನಲ್ಲಿ ಮ್ಯಾಗಜೀನ್‌ಗೆ 15 ಗುಂಡು ಮಾತ್ರ. ಅದಕ್ಕೇ ರೆಡ್ ಡಾಟ್ ಸೇರಿಸಿದರೆ ಪ್ರೊಡಕ್ಷನ್ ಆಪ್ಟಿಕ್ಸ್. ಸ್ಟ್ಯಾಂಡರ್ಡ್‌ನಲ್ಲಿ ಮಾರ್ಪಾಟು ಮಾಡಬಹುದು, ಆದರೆ ಇಡೀ ಗನ್ 225 × 150 × 45 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ಓಪನ್‌ನಲ್ಲಿ ಕಾಂಪೆನ್ಸೇಟರ್ (ಗನ್ನಿನ ನೆಗೆತ ತಗ್ಗಿಸುವ ನಳಿಗೆ ತುದಿಯ ಭಾಗ), ಡಾಟ್ ಎಲ್ಲಾ ನಡೆಯುತ್ತದೆ, ದುಡ್ಡು ಇರುವವರ ಡಿವಿಷನ್ ಅದು.

ಅಂಕದ ಲೆಕ್ಕ ನನಗೆ ತುಂಬಾ ಇಷ್ಟ. ಬಂದ ಅಂಕವನ್ನು ತಗೊಂಡ ಸೆಕೆಂಡಿನಿಂದ ಭಾಗಿಸುತ್ತಾರೆ, ಅದಕ್ಕೆ ಹಿಟ್ ಫ್ಯಾಕ್ಟರ್ ಅನ್ನುತ್ತಾರೆ. 12 ಗುಂಡಿನ ಒಂದು ಸ್ಟೇಜ್ ಅಂದುಕೊಳ್ಳಿ. ಎಲ್ಲವೂ ನಡುವಿನ 'ಎ' ಭಾಗಕ್ಕೆ ಬಿದ್ದರೆ 60 ಅಂಕ. 10 ಸೆಕೆಂಡ್ ತಗೊಂಡರೆ ಹಿಟ್ ಫ್ಯಾಕ್ಟರ್ 6. ಇನ್ನೊಬ್ಬ ಎಂಟು 'ಎ', ನಾಲ್ಕು 'ಸಿ' (ಅದರ ಹೊರಗಿನ ಭಾಗ) ಹೊಡೆದ. ಮೈನರ್ (ಕಡಿಮೆ ಶಕ್ತಿಯ ಗುಂಡಿನ) ಲೆಕ್ಕದಲ್ಲಿ 'ಸಿ'ಗೆ 3 ಅಂಕ, ಒಟ್ಟು 52. ಆದರೆ ಅವನು ಮುಗಿಸಿದ್ದು 8 ಸೆಕೆಂಡಿನಲ್ಲಿ, ಹಿಟ್ ಫ್ಯಾಕ್ಟರ್ 6.5. ಅವನೇ ಮುಂದೆ. ಅದೇ 8 ಸೆಕೆಂಡಿನಲ್ಲಿ ಹನ್ನೊಂದು 'ಎ' ಹೊಡೆದು ಒಂದು ಪೂರ್ತಿ ತಪ್ಪಿದರೆ? 55ರಲ್ಲಿ 10 ದಂಡ ಹೋಗಿ 45, ಹಿಟ್ ಫ್ಯಾಕ್ಟರ್ 5.6ರ ಆಸುಪಾಸು. ಸ್ವಲ್ಪ ಆಚೀಚೆ ಬಿದ್ದರೂ ನಡೆಯುತ್ತದೆ, ತಪ್ಪಿದರೆ ಮುಗಿಯಿತು. ಹಾಗಾಗಿ ಅಲ್ಲಿನವರು ಅತಿ ನಿಖರವಾದ ಗನ್ನಿಗಿಂತ ಒಮ್ಮೆಯೂ ಜಾಮ್ ಆಗದ ಗನ್ನನ್ನು ಹುಡುಕುತ್ತಾರೆ. ಒಂದು ಜಾಮ್ ಬಿಡಿಸುವಷ್ಟರಲ್ಲಿ ಎರಡು ಮೂರು ಸೆಕೆಂಡ್ ಹೋಗಿರುತ್ತದೆ.

ಸುರಕ್ಷತೆಯಲ್ಲಿ ಅವರು ಯಾರ ಮುಖವನ್ನೂ ನೋಡುವುದಿಲ್ಲ. ರೇಂಜ್ ಆಫೀಸರ್ ಹೇಳುವವರೆಗೆ ಗನ್ ಖಾಲಿ. ನಳಿಗೆ ಹಿಂದಕ್ಕೆ ತಿರುಗಿದರೆ, ಓಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗಿದ್ದರೆ, ಗನ್ ಕೈಜಾರಿ ಬಿದ್ದರೆ, ಆ ಮ್ಯಾಚಿನಿಂದಲೇ ಹೊರಗೆ. ನಿಮಗೆ ಆ ಆಟದ ಕನಸಿದ್ದರೆ ಈ ಅಭ್ಯಾಸ ಏರ್ ಪಿಸ್ತೂಲಿನಿಂದಲೇ ಬರಲಿ.

ಮಡಗಾಂವ್_ಅಕ್ಕ:

ಗೋವಾದಲ್ಲಿ ಇರುವವಳಾಗಿ ಒಂದು ಮಾತು ಸೇರಿಸುತ್ತೇನೆ, ಪುಣೆಯವರಿಗಿಂತ ಮುಂಬೈಯವರಿಗೆ ಜಾಸ್ತಿ ಉಪಯೋಗ.

ಮಳೆಗಾಲದಲ್ಲಿ ಗನ್ನನ್ನು ಅದರ ಫೋಮ್ ಪೆಟ್ಟಿಗೆಯಲ್ಲೇ ಮುಚ್ಚಿಡಬೇಡಿ. ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಲ್ಲಿ ಇಟ್ಟು ಆಗಸ್ಟ್‌ನಲ್ಲಿ ತೆಗೆದರೆ, ಫೋಮ್ ತಾಗಿದ ಜಾಗದಲ್ಲೆಲ್ಲ ಕಂದು ಚುಕ್ಕೆ ಎದ್ದಿರುತ್ತದೆ. ರೇಂಜಿನಿಂದ ಬಂದ ಕೂಡಲೇ ಬೆವರು ಒರೆಸಿ, ಲೋಹದ ಭಾಗಕ್ಕೆ ತೆಳುವಾಗಿ ಎಣ್ಣೆ ಸವರಿ, ಬೀಗ ಹಾಕಿದ ಒಣ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮರದ ಗ್ರಿಪ್ ಮಳೆಗಾಲದಲ್ಲಿ ಸ್ವಲ್ಪ ಊದಿಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ಸರಿಯಾಗಿ ಕೂತದ್ದು ಜುಲೈನಲ್ಲಿ ಬಿಗಿ ಅನ್ನಿಸುತ್ತದೆ. ಆಗ ಉಜ್ಜಲು ಹೋಗಬೇಡಿ, ಅಂಗೈ ಕೆಳಗಿನ ಪಾಮ್ ಶೆಲ್ಫ್ ಸ್ವಲ್ಪ ಇಳಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲು ಕೊಳ್ಳುವವರು ಮೊದಲು ಸಿಲಿಂಡರ್ ನೋಡಿ. ಅದರ ಮೇಲೆ ತಯಾರಾದ ತಾರೀಕು ಕೊರೆದಿರುತ್ತದೆ. ಕಂಪನಿಗಳು ಹೇಳುವ ಆಯಸ್ಸು 10 ವರ್ಷ. ಅದರೊಳಗೆ 200 ಬಾರ್ ಗಾಳಿ ತುಂಬಿ ಕೈಯಲ್ಲಿ ಹಿಡಿಯುತ್ತೀರಿ, ಅವಧಿ ಮುಗಿದದ್ದನ್ನು ಅಗ್ಗ ಅಂತ ತಗೊಳ್ಳಬೇಡಿ. ಹೊಸ ಸಿಲಿಂಡರ್ ಬೆಲೆ ಸೇರಿಸಿ ಚೌಕಾಸಿ ಮಾಡಿ. ತುಂಬಿಸುವಾಗ ನಿಧಾನವಾಗಿ ತುಂಬಿಸಿ. ಬೇಗ ತುಂಬಿದರೆ ಬಿಸಿಯಾಗಿ ಮೀಟರ್ ಜಾಸ್ತಿ ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿದಿರುತ್ತದೆ.

ಇನ್ನೊಂದು, ಎಷ್ಟೇ ಒಳ್ಳೆ ಗನ್ ಆದರೂ ಕೈಕೊಡಬಹುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ನಡುವೆ ಕೆಟ್ಟು ಸಮಯ ಹೋಯಿತು, 575 ಹೊಡೆದು 12ನೇ ಸ್ಥಾನ, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದಳು. ಪ್ರತಿ ಮ್ಯಾಚಿಗೆ ಮೊದಲು ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಅಭ್ಯಾಸ ಇರಲಿ.

ಬಾಣೇರ್_ಧಾರವಾಡ:

ಕಾಕಾ, ಅಕ್ಕ, ಎಲ್ಲರಿಗೂ ತುಂಬಾ ಧನ್ಯವಾದ. ಕ್ಲಬ್ ಸದಸ್ಯತ್ವಕ್ಕೆ ಶನಿವಾರ ಹೋಗುತ್ತೇನೆ. ಒಂದು ಸಂದೇಹ ಉಳಿದಿದೆ. ನನಗೆ ಬಲಗೈ, ಆದರೆ ಎಡಗಣ್ಣು ಜೋರು. ದಿನವಿಡೀ ಕಂಪ್ಯೂಟರ್ ಮುಂದೆ ಇರುವುದರಿಂದ ಕನ್ನಡಕವೂ ಇದೆ. ಇದರಿಂದ ತೊಂದರೆ ಆಗುತ್ತಾ? ಎಡಗೈ ಗ್ರಿಪ್ ತಗೊಳ್ಳಬೇಕಾ?

ಕೋಥ್ರೂಡ್_ಶೂಟರ್:

ರೈಫಲ್ ಆಗಿದ್ದರೆ ಕಷ್ಟ ಇತ್ತು, ಕೆನ್ನೆ ಬಟ್‌ಗೆ ಒರಗಿಸಬೇಕಲ್ಲ. ಪಿಸ್ತೂಲಿನಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಲಗೈ ಗ್ರಿಪ್ಪೇ ತಗೊಳ್ಳಿ. ಎರಡು ದಾರಿ ಇದೆ. ಬಲಗಣ್ಣಿನಲ್ಲೇ ಗುರಿ ಹಿಡಿಯುವುದಾದರೆ ಎಡಗಣ್ಣನ್ನು ಮುಚ್ಚಿ ಹಿಂಡಬೇಡಿ, ಮುಖ ಬಿಗಿಯಾಗಿ ಬೇಗ ದಣಿವಾಗುತ್ತದೆ. ಕನ್ನಡಕಕ್ಕೆ ಒಂದು ಬ್ಲೈಂಡರ್ (ಕಣ್ಣಿಗೆ ಮರೆ ಮಾಡುವ ಪಟ್ಟಿ) ಸಿಕ್ಕಿಸಿ, ನಿಯಮದಲ್ಲಿ 30 ಮಿ.ಮೀ. ಅಗಲದವರೆಗೆ ನಡೆಯುತ್ತದೆ. ಇಲ್ಲವೇ ತಲೆ ಸ್ವಲ್ಪ ಬಲಕ್ಕೆ ತಿರುಗಿಸಿ ಎಡಗಣ್ಣಿನಲ್ಲೇ ಹಿಡಿಯಿರಿ. ಎರಡನೆಯದನ್ನು ಆರಿಸಿದರೆ ನಾನು ಮೇಲೆ ಹೇಳಿದ ಕಣ್ಣು ಮುಚ್ಚಿ ಎತ್ತುವ ಪರೀಕ್ಷೆಯನ್ನು ಆ ಕಣ್ಣಿಗೇ ಮಾಡಿ, ಗ್ರಿಪ್ಪಿನ ಕೋನ ಬೇರೆ ಬರುತ್ತದೆ. ಗ್ರಿಪ್ ಉಜ್ಜಿದ ಮೇಲೆ ಕಣ್ಣು ಬದಲಾಯಿಸಿದರೆ ಎಲ್ಲಾ ಮೊದಲಿನಿಂದ.

ಕನ್ನಡಕದ ಬಗ್ಗೆ: ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ ಚಾಚಿದ ಕೈಯ ತುದಿಯಲ್ಲಿ ಸ್ಪಷ್ಟವಾಗಿ ಕಾಣಬೇಕು ಅಂತ ಹೇಳಿ. ಸಾಮಾನ್ಯವಾಗಿ ದೂರದ ನಂಬರಿಗೆ +0.50 ಅಥವಾ +0.75 ಸೇರಿಸಿ ಕೊಡುತ್ತಾರೆ. ಅಂಗೈ ಅಗಲ ಅಳೆದುಕೊಂಡು ಬನ್ನಿ, ಕ್ಲಬ್ಬಿನಲ್ಲಿ ಸ್ಮಾಲ್, ಮೀಡಿಯಂ ಎರಡೂ ಗ್ರಿಪ್ ಇದ್ದರೆ ಶನಿವಾರವೇ ಎರಡನ್ನೂ ಹಿಡಿದು ನೋಡಬಹುದು.