ವಾರ್ಡಿನಲ್ಲಿ ಪರಿಸರದ ಕೆಲಸ ಮಾಡುವವರನ್ನು ಗುರುತಿಸಬೇಕಿದೆ: ಆಯ್ಕೆ ಹೇಗೆ, ಕೊಡುವುದು ಏನು?

ಬೇವಿನಕಟ್ಟೆ ಎಂಬ ಅಡ್ಡಹೆಸರಿನವರು ಕೇಳಿದ್ದು (ಉತ್ತರ ಕೊಟ್ಟವರದೂ ಅಡ್ಡಹೆಸರುಗಳೇ):

ಹುಬ್ಬಳ್ಳಿ-ಧಾರವಾಡದ ಆರು ಬಡಾವಣೆಗಳ ನಿವಾಸಿ ಸಂಘಗಳು ಸೇರಿ, ತಮ್ಮ ವಾರ್ಡುಗಳಲ್ಲಿ ಪರಿಸರದ ಕೆಲಸಕ್ಕೆ ಮುಂದಾಳಾಗಿ ನಿಂತ ಐವರನ್ನು ಪ್ರತಿವರ್ಷ ಗೌರವಿಸಬೇಕು ಎಂದು ಠರಾವು ಮಾಡಿವೆ. ಗಿಡ ಬೆಳೆಸುವವರು, ಕೆರೆದಂಡೆ ಕಾಯುವವರು, ಓಣಿಯ ಹಸಿಕಸ ಗೊಬ್ಬರ ಮಾಡಿಸುವವರು, ಮೂರೂ ಥರದವರಿದ್ದಾರೆ. ಇರುವ ಹಣ 60,000 ರೂಪಾಯಿ. ಹೆಸರು ಕಳಿಸಿ ಎಂದು ಕರೆದರೆ ಜೂನ್ 5ರ ಪರಿಸರ ದಿನದ ಫೋಟೋಗಳೇ ರಾಶಿ ಬೀಳುತ್ತವೆ. ಅದರಲ್ಲಿ ನಿಜವಾದ ಕೆಲಸವನ್ನು ಹೆಕ್ಕುವುದು ಹೇಗೆ? ಗಿಡದ ಕೆಲಸವನ್ನೂ ಕಸದ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಶಾಲು, ಹಾರ, ಫಲಕ ಬಿಟ್ಟು ಬೇರೆ ಏನು ಕೊಡಬಹುದು?

ಎರಿಹೊಲ:

ಗಿಡದ ಮಟ್ಟಿಗೆ ಹೇಳ್ತೇನ್ರಿ. ಹಚ್ಚಿದ್ದನ್ನ ಎಣಿಸಬ್ಯಾಡ್ರಿ, ಎರಡನೇ ಬ್ಯಾಸಿಗಿ ದಾಟಿದ್ದನ್ನ ಎಣಿಸ್ರಿ. ಜುಲೈದಾಗ ಹಚ್ಚಿದ ಸಸಿ ಡಿಸೆಂಬರ್ ತನಕ ಯಾರು ನೋಡದಿದ್ರೂ ಹಸಿರ ಇರ್ತದ. ಖರೇ ಪರೀಕ್ಷಾ ಫೆಬ್ರುವರಿಯಿಂದ ಮೇ ತನಕ. ಹುಬ್ಬಳ್ಳಿ ಕಡೆ ಎರಿ ಮಣ್ಣು ಬ್ಯಾಸಿಗ್ಯಾಗ ಬಿರೀತದ, ಬಿರುಕಿನ್ಯಾಗ ಎಳೀ ಬೇರು ಹರೀತಾವ, ಒಳಗ ಗಾಳಿ ಹೊಕ್ಕು ಒಣಗ್ತಾವ. ಸಸಿ ಹಚ್ಚಿದ ಅದೇ ತಗ್ಗಿನ್ಯಾಗ ಮಳಿಗಾಲಕ್ಕ ನೀರು ನಿಂತು ಬುಡ ಕೊಳೀತದ. ಧಾರವಾಡದ ಕೆಂಪು ಗರಸು ನೆಲದಾಗ ತ್ರಾಸು ಉಲ್ಟಾ, ನೀರು ನಿಲ್ಲೂದೇ ಇಲ್ಲ. ಹಿಂಗಾಗಿ ಎರಿ ನೆಲದವರನ್ನ ಎರಿ ನೆಲದವರ ಜೋಡಿನ ಹೋಲಿಸ್ರಿ. ಎಲ್ಲಾರಿಗೂ ಒಂದ ಶೇಕಡಾವಾರು ಇಟ್ರ ಹುಬ್ಬಳ್ಳಿಯವ್ರಿಗೆ ಅನ್ಯಾಯ ಆಗ್ತದ.

ಮೇ ಎರಡನೇ ವಾರದಾಗ ಜಾಗಾಕ್ಕ ಹೋಗಿ ನೋಡ್ರಿ. 200 ಗಿಡ ಅಂದ್ರ ಎಲ್ಲಾ ನೋಡೂದು ಬೇಕಾಗಿಲ್ಲ. 1ರಿಂದ 6ರೊಳಗ ಒಂದು ಚೀಟಿ ಎತ್ತಿ, ಆ ನಂಬರಿನ ತಗ್ಗಿನಿಂದ ಶುರು ಮಾಡಿ ಪ್ರತಿ 6ನೇ ತಗ್ಗು ನೋಡಿದ್ರ 33 ಇಲ್ಲಾ 34 ಆಗ್ತಾವ, ಸಾಕು. ಆದ್ರ ಒಂದು ಮಾತು: ತಗ್ಗು ಎಣಿಸ್ಬೇಕು, ಗಿಡ ಅಲ್ಲ. ಗಿಡ ಎಣಿಸಿದ್ರ ಸತ್ತದ್ದು ಲೆಕ್ಕದಾಗ ಬರೂದೇ ಇಲ್ಲ, ಎಲ್ಲಾರ ಕೆಲಸಾನೂ ನೂರಕ್ಕ ನೂರು ಕಾಣ್ತದ. ಎಲಿ ಇಲ್ಲದ ಸಸಿ ಸತ್ತದ ಅಂತ ಬರಕೋಬ್ಯಾಡ್ರಿ. ಬುಡದ ಹತ್ರ ತೊಗಟಿ ಉಗುರಿಲೆ ಸ್ವಲ್ಪ ಕೆರೀರಿ, ಒಳಗ ಹಸಿರು ಕಂಡ್ರ ಜೀವ ಅದ. ಸತ್ತ ಜಾಗಾದಾಗ ಮತ್ತ ಹಚ್ಚಿದ್ದು ಕಂಡ್ರ ಅದನ್ನ ಬ್ಯಾರೆ ಕಾಲಂನ್ಯಾಗ ಬರೀರಿ, ಅಂಕ ಕಡಿಬ್ಯಾಡ್ರಿ. ಸತ್ತಲ್ಲಿ ತಿರುಗಿ ಹಚ್ಚೂದು ಕಾಳಜಿ ಇದ್ದವ್ರ ಲಕ್ಷಣ.

ಇನ್ನ ನೋಡಬೇಕಾದ್ದು ಕಟ್ಟಿದ ತಂತಿ. ಸಸಿಗೆ ಕೋಲು ಕಟ್ಟಿದ ಬೈಂಡಿಂಗ್ ತಂತಿ ಎರಡು ವರ್ಷಕ್ಕ ಕಾಂಡದೊಳಗ ಹೂತು ಹೋಗಿರ್ತದ. ಮ್ಯಾಲಿನ ಎಲಿ ಮಾಡಿದ ಆಹಾರ ತೊಗಟಿಯಿಂದನ ಬೇರಿಗೆ ಇಳೀಬೇಕು, ತಂತಿ ಅಲ್ಲೇ ಅದನ್ನ ಕತ್ತು ಹಿಸುಕಿಧಂಗ ಹಿಸುಕ್ತದ. ತಂತಿ ಬಿಚ್ಚಿ ಸೆಣಬಿನ ಸುತಳಿ ಸಡ್ಲ ಕಟ್ಟಿದ್ದು ಕಂಡ್ರ ಅವ್ರು ವಾರಕ್ಕೊಮ್ಮೆರ ಬಂದು ನೋಡ್ತಾರ ಅಂತ ತಿಳೀರಿ. ಕರೆಂಟ್ ಲೈನ್ ಕೆಳಗ ಆಲ, ಬಸರಿ ಹಚ್ಚಿದ್ರ ವರ್ಷಾ ಕೊಡ್ಲಿ ಬೀಳ್ತದ, ಅಲ್ಲಿ ಪಾರಿಜಾತ, ದಾಸವಾಳದಂಥಾವು ಸಾಕು. ಜಾಗಾ ನೋಡಿ ಜಾತಿ ಆರಿಸಿದವ್ರಿಗೆ ಅಂಕ ಜಾಸ್ತಿ ಇರ್ಲಿ.

ಕೋಡಿಕಲ್ಲು:

ಮೇಲಿನವರ ತಗ್ಗಿನ ಲೆಕ್ಕ ಹಾಗೆಯೇ ಇಟ್ಟುಕೊಳ್ಳಿ. ಕೆರೆಯ ಕೆಲಸಕ್ಕೆ ಮಾತ್ರ ಅಷ್ಟು ಸುಲಭದ ಅಳತೆ ಇಲ್ಲ. ಕೆರೆ ಮುಚ್ಚುವ ಅಂತರಗಂಗೆ ಕಳೆ ಕೀಳುವಾಗ ನೂರು ಜನ ಫೋಟೋದಲ್ಲಿರುತ್ತಾರೆ. ಗಟಾರದ ನೀರು ಯಾವ ಬಾಯಿಂದ ಕೆರೆಗೆ ಬೀಳುತ್ತಿದೆ ಎಂದು ಹುಡುಕಿಕೊಂಡು ಅಲೆದವರು ಒಬ್ಬಿಬ್ಬರೇ, ಅವರ ಫೋಟೋ ಎಲ್ಲೂ ಇರುವುದಿಲ್ಲ. ಉಣಕಲ್ ಆಗಲಿ ಕೆಲಗೇರಿ ಆಗಲಿ, ಸುತ್ತ ಊರು ಬೆಳೆದ ಯಾವ ಕೆರೆಗೂ ಕೊಳಚೆಯೇ ಮೂಲ ಪೆಟ್ಟು. ಕೊಳಚೆ ಸೇರಿದ ಬೆಚ್ಚಗಿನ ನೀರಿನಲ್ಲಿ ಈ ಕಳೆ ಎರಡು ವಾರದ ಆಸುಪಾಸಿನಲ್ಲಿ ದುಪ್ಪಟ್ಟಾಗುತ್ತದೆ, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬರುವ ಕೊಳಚೆ ನಿಲ್ಲದಿದ್ದರೆ ಕಿತ್ತ ಜಾಗ ಅದೇ ಹಂಗಾಮಿನಲ್ಲಿ ಮತ್ತೆ ಮುಚ್ಚುತ್ತದೆ.

ಹಾಗಾಗಿ ಕೆರೆಯವರನ್ನು ಕೇಳಬೇಕಾದದ್ದು ಎರಡು. ಕಿತ್ತದ್ದನ್ನು ಎಲ್ಲಿ ಹಾಕಿದಿರಿ? ಅದರಲ್ಲಿ ಶೇ. 90ಕ್ಕೂ ಹೆಚ್ಚು ನೀರೇ. ಕೋಡಿ ಮಟ್ಟಕ್ಕಿಂತ ಮೇಲೆ ಒಯ್ದು, ಒಂದು ಅಡಿಗಿಂತ ದಪ್ಪ ಆಗದಂತೆ ಹರವಿ ಒಣಗಿಸಿ, ಸಗಣಿ ಬೆರೆಸಿ ಗೊಬ್ಬರಕ್ಕೆ ಹಾಕಬೇಕು. ದಂಡೆಯ ಅಂಚಿನಲ್ಲೇ ಗುಡ್ಡೆ ಹಾಕಿದರೆ ಮೊದಲ ದೊಡ್ಡ ಮಳೆ ಅದನ್ನು ಕೆರೆಗೇ ವಾಪಸ್ ತಳ್ಳುತ್ತದೆ. ಇನ್ನೊಂದು, ನೀರು ಬರುವ ಬಾಯಿಗಳ ನಕ್ಷೆ ಇದೆಯೇ? ಕೈಯಲ್ಲಿ ಬರೆದ ಒಂದು ಹಾಳೆ ಸಾಕು. ಮಾರ್ಚ್-ಏಪ್ರಿಲ್‌ನಲ್ಲಿ, ಅಡ್ಡಮಳೆಯೂ ಬೀಳದ ವಾರ ನೋಡಿ, ಮಳೆನೀರಿನ ಚರಂಡಿಗಳ ಬಾಯಿಗೆ ಹೋಗಿ ನಿಲ್ಲಿ. ಆಗಲೂ ನೀರು ಹರಿಯುತ್ತಿದ್ದರೆ ಅದು ಬಹುತೇಕ ಕೊಳಚೆಯೇ. ಆ ಬಾಯಿಗಳನ್ನು ಗುರುತು ಹಾಕಿ, ದೂರು ಕೊಟ್ಟ ತಾರೀಖು, ಸ್ವೀಕೃತಿ ಸಂಖ್ಯೆ, ಮತ್ತೆ ಎಷ್ಟು ಸಲ ಅಲೆದದ್ದು ಎಂದು ಬರೆದಿಟ್ಟವರು ಸಿಕ್ಕರೆ ಅವರನ್ನು ಬಿಡಬೇಡಿ. ಒಂದು ಬಾಯಿ ಮುಚ್ಚಿಸಿದ್ದು ಹತ್ತು ಭಾನುವಾರದ ಶ್ರಮದಾನಕ್ಕಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೆಟ್ಟದ್ದಷ್ಟೇ ಅಲ್ಲ, ತಡೆದದ್ದೂ ಲೆಕ್ಕಕ್ಕೆ ಬರಬೇಕು. ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಕೂಡಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಎಂದೇ ಅದು ಹೆಸರಾಯಿತು. ಆಗ ಅದು ನಮ್ಮ ಅವಿಭಜಿತ ಧಾರವಾಡ ಜಿಲ್ಲೆಯೇ. ಇಂಥ ನೆಲದಲ್ಲಿ ಬರೀ ಸಸಿಯ ಲೆಕ್ಕ ಹಿಡಿದು ಗೌರವ ಕೊಡುವುದು ಸರಿಯಲ್ಲ.

ಎಚ್ಚರಿಕೆ: ನಾಲಾ ಒತ್ತುವರಿ, ಕಟ್ಟಡದ ಮಣ್ಣು ಸುರಿಯುವುದು ಇಂಥವುಗಳ ಮೇಲೆ ದೂರು ಕೊಟ್ಟವರನ್ನು ಕೇಳದೆ ವೇದಿಕೆಗೆ ಕರೆಯಬೇಡಿ. ಹೆಸರು, ಫೋಟೋ ಹಾಕಲು ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಬೇಡವೆಂದರೆ ಮನೆಗೆ ಹೋಗಿ ಕೊಟ್ಟು ಬನ್ನಿ.

ಮೂರು ಬುಟ್ಟಿ:

ಕಸದ ಕೆಲಸಕ್ಕೆ ಹೇಳದೆ ಹೋಗಿ ನೋಡುವುದೊಂದೇ ದಾರಿ. ಹಬ್ಬದ ಮರುದಿನ ಬೆಳಿಗ್ಗೆ 6ಕ್ಕೆ ಹೋಗಿ, ಕಸ ಸುರಿಯುತ್ತಿದ್ದ ಮೂಲೆ ಆಗಲೂ ಚೊಕ್ಕ ಇದ್ದರೆ ಅದು ಗಟ್ಟಿ ಕೆಲಸ. ಸುಮಾರು ಮೂರು ತಿಂಗಳಲ್ಲಿ ಹೀಗೆ ನಾಲ್ಕು ಸಲ ನೋಡಿ. ಗೊಬ್ಬರದ ಗುಂಡಿ ಇದ್ದರೆ ಒಂದು ಮುಷ್ಟಿ ತೆಗೆದು ಹಿಂಡಿ: ಒಂದೆರಡು ಹನಿ ಬಿದ್ದರೆ ಹದ, ಧಾರೆ ಇಳಿದರೆ ಒಣ ಎಲೆ ಸಾಲದು. ಒಂದು ಬಕೆಟ್ ಹಸಿಕಸಕ್ಕೆ ಒಂದರಿಂದ ಎರಡು ಬಕೆಟ್ ಒಣ ಎಲೆ ಬೇಕು. ಎಲೆ ಉದುರುವ ಕಾಲದಲ್ಲಿ ಚೀಲ ತುಂಬಿಟ್ಟವರ ಗುಂಡಿ ಮಾತ್ರ ಮಳೆಗಾಲದಲ್ಲಿ ನಾರುವುದಿಲ್ಲ, ಆದ್ದರಿಂದ ಚೀಲಗಳ ದಾಸ್ತಾನು ನೋಡಲು ಮರೆಯಬೇಡಿ. ಗುಂಡಿ ತಿರುವುವವರು ಯಾರು ಎಂದೂ ಕೇಳಿ. ಅದು ಪೌರಕಾರ್ಮಿಕರೋ ಮನೆಗೆಲಸದವರೋ ಆಗಿದ್ದರೆ ಅವರ ಹೆಸರೂ ಪಟ್ಟಿಗೆ ಸೇರಲಿ, ಅವರಿಗೆ ಕೊಡುವುದು ನಗದೇ ಇರಲಿ.

ಗಿಡ, ಕೆರೆ, ಕಸ ಒಂದೇ ತಕ್ಕಡಿಯಲ್ಲಿ ಬೇಡ. ಒಂದೊಂದಕ್ಕೂ ಬೇರೆ ಹಾಳೆ, ಪ್ರಥಮ-ದ್ವಿತೀಯ ಎಂಬ ಸ್ಥಾನವೇ ಇರಬಾರದು. ಹೆಸರು ಕರೆಯುವುದಕ್ಕೆ ಫಾರ್ಮ್ ಜೊತೆ ಹಾಲಿನ ಬೂತಿನಲ್ಲಿ, ಕಿರಾಣಿ ಅಂಗಡಿಯಲ್ಲಿ ಒಂದು ಡಬ್ಬಿ ಇಡಿ. ಫೋನ್ ಬಳಸದ ಹೆಣ್ಣುಮಕ್ಕಳ ಹೆಸರು ಬರುವುದು ಅಲ್ಲಿಂದಲೇ.

ಲೆಕ್ಕಪತ್ರ:

60,000ವನ್ನು ಐದು ಭಾಗ ಮಾಡಿ, ತಲೆಗೆ 12,000. ವೇದಿಕೆ, ಪೆಂಡಾಲು, ಫ್ಲೆಕ್ಸ್‌ಗೆ ಇದರಲ್ಲಿ ಒಂದು ರೂಪಾಯಿಯೂ ಹೋಗಬಾರದು. ಶಾಲು ಹೊದಿಸಲೇಬೇಕು ಎಂದರೆ ಗರಗದ ಖಾದಿಯ ಟವೆಲು ಕೊಡಿ, ದಿನಾ ಬಳಕೆಗೆ ಬರುತ್ತದೆ.

ಗಿಡದವರಿಗೆ ಬೇಕಾದದ್ದು ನೀರು. ಜನವರಿ ನಡುವಿನಿಂದ ಮೇ ಕೊನೆಗೆ 20 ವಾರ. ಗಿಡಕ್ಕೆ ವಾರಕ್ಕೆ 20 ಲೀಟರ್‌ನಂತೆ 60 ಗಿಡಕ್ಕೆ 24,000 ಲೀಟರ್, ಅಂದರೆ 5,000 ಲೀಟರಿನ ಐದು ಟ್ಯಾಂಕರ್. ಆದರೆ ಎಡವುವುದು ಇಲ್ಲೇ. ಟ್ಯಾಂಕರ್ ಒಮ್ಮೆಲೇ ಬರುತ್ತದೆ, ಹಿಡಿದಿಡಲು ಜಾಗ ಇರುವುದಿಲ್ಲ, ಡ್ರೈವರ್ ಅಷ್ಟನ್ನೂ 60 ತಗ್ಗಿಗೆ ಹರಿಸಿ ಹೋಗುತ್ತಾನೆ. ಗಿಡಕ್ಕೆ 80 ಲೀಟರ್ ಮೇಲೆ ಬಿದ್ದು ಮುಕ್ಕಾಲು ಪಾಲು ರಸ್ತೆಗೆ ಹರಿಯುತ್ತದೆ. ಒಂದು ಟ್ಯಾಂಕರಿಗೆ 250 ಗಿಡ ಸರಿಹೋಗುತ್ತದೆ. ಆದ್ದರಿಂದ ಅಕ್ಕಪಕ್ಕದ ನಾಲ್ಕು ಓಣಿಯವರನ್ನು ಜೋಡಿಸಿ, ವಾರಕ್ಕೊಂದು ಟ್ಯಾಂಕರ್ ಸರದಿ ಹಚ್ಚಿ. ದರ ಮೂರು ಕಡೆ ಕೇಳಿ, ಹಣ ನೇರ ಟ್ಯಾಂಕರಿನವರಿಗೆ ಕಟ್ಟಿ, ರಸೀದಿಯ ಮೇಲೆ ಗಿಡದವರ ಸಹಿ ಇರಲಿ.

ಕೆರೆಯವರಿಗೆ ಗಂಬೂಟು, ದಪ್ಪ ರಬ್ಬರ್ ಕೈಗವಸು, ಉದ್ದ ಹಿಡಿಯ ಕೊಕ್ಕೆ, ಜೊತೆಗೆ ಟೆಟನಸ್ ಚುಚ್ಚುಮದ್ದಿನ ಖರ್ಚು. ಐವರಿಗೂ ಒಂದು ವರ್ಷದ ಅಪಘಾತ ವಿಮೆ ಮಾಡಿಸಿ. ರಸ್ತೆಬದಿ ಏಣಿ ಹತ್ತುವವರಿಗೆ ಫಲಕಕ್ಕಿಂತ ಅದು ಮುಖ್ಯ.

ಹಣವೇ ಬೇಡದ ಕೊಡುಗೆ ಒಂದಿದೆ, ಪತ್ರ. ಯಾವ ರಸ್ತೆ, ಎಷ್ಟು ಗಿಡ, ಯಾವ ಜಾತಿ, ಯಾರ ಪಾಲನೆಯಲ್ಲಿವೆ ಎಂಬ ಪಟ್ಟಿಯನ್ನು ಸಂಘದ ತಲೆಬರಹದಲ್ಲಿ ಬರೆದು, ಪಾಲಿಕೆಯ ವಲಯ ಕಚೇರಿಗೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನಾಳೆ ಯಾರಾದರೂ ಗರಗಸ ಹಿಡಿದು ಬಂದಾಗ ತೋರಿಸಲು ಕೈಯಲ್ಲಿ ಕಾಗದ ಇರುತ್ತದೆ.

ಬೇವಿನಕಟ್ಟೆ:

ಕಾರ್ಯಕ್ರಮ ಜೂನ್ 5ಕ್ಕೇ ಬೇಕೇ?

ಎರಿಹೊಲ:

ಬ್ಯಾಡ್ರಿ. ಆವತ್ತ ಬಂದವ್ರು ಸಸಿ ಹಚ್ಚೇ ಹೋಗ್ತೇವಿ ಅಂತಾರ, ಮಳಿ ಇನ್ನ ಹದಕ್ಕ ಬಂದಿರೂದಿಲ್ಲ. ಮಣ್ಣೆತ್ತಿನ ಅಮಾವಾಸಿ ವಾರ ಇಟ್ಕೊಳ್ರಿ, ನೆಲ ನೆಂದಿರ್ತದ. ಸಭಾಂಗಣ ಬ್ಯಾಡ, ಆ ಗಿಡದ ಸಾಲಿನ ಬಾಜೂಕನ ನಿಂತು ಕೊಡ್ರಿ, ಮೇ ತಿಂಗಳದಾಗ ಖಾಲಿ ಕಂಡ ತಗ್ಗಿಗೆ ಆವತ್ತ ಸಸಿ ಹಚ್ರಿ. 2 ಅಡಿ ಉದ್ದ, ಅಗಲ, ಆಳದ ತಗ್ಗು ಮೇ ಕೊನಿಗೇ ತೋಡಿಸಿ ಬಿಸಲಿಗೆ ಬಿಟ್ಟಿರ್ರಿ.